ಮುಂದೊಂದು ನಂಬರು, ಹಿಂದೊಂದು ನಂಬರು

ನಾನು ಸೈನ್ಯದ ಒಂದು ಹಳೆಯ ಲಾರಿ. ಹೀಗೆ ಹೇಳುವಾಗಲೂ ಈಗೀಗ ಅನುಮಾನ. ಒಂದು ಲಾರಿಯೋ, ಎರಡೋ?

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಮೈಮೇಲಿನ ಹಸಿರು ಬಣ್ಣ ಸರಿಯಾಗಿ ಒಣಗುವ ಮೊದಲೇ ರೈಲು ಹತ್ತಿಸಿ ಹಿಮದ ನಾಡಿಗೆ ಕಳಿಸಿದರು. ಅಲ್ಲಿ ನನ್ನನ್ನು ಓಡಿಸಿದವರು ಬೈಲಹೊಂಗಲ ಕಡೆಯ ಬಸಲಿಂಗ ಹೂಗಾರ. ಹಿಟ್ಟು, ಸೀಮೆಎಣ್ಣೆ, ಜವಾನರು, ಏನು ಹೇರಿದರೂ ಬೆಟ್ಟ ಹತ್ತಿಸುತ್ತಿದ್ದರು. ಚಳಿ ಜೋರಾದರೆ ತಮ್ಮ ಕಂಬಳಿ ತಂದು ನನ್ನ ಬಾನೆಟ್ಟಿಗೆ ಹೊದಿಸಿ, "ನೀ ಎದ್ರ ನಾ ಊರ ಮುಟ್ಟತೀನಿ, ತಿಳೀತಿಲ್ಲೋ" ಎಂದು ಗದರಿಸುತ್ತಿದ್ದರು.

ವಯಸ್ಸಾದ ಮೇಲೆ ಹರಾಜಾದೆ. ಇಟ್ಟಿಗೆ ಭಟ್ಟಿಯವರು ಕೊಂಡು, ಎಂಜಿನ್ ಕೂತುಬಿಡುವತನಕ ದುಡಿಸಿದರು. ಆಮೇಲೆ ಹುಬ್ಬಳ್ಳಿಯ ಗುಜರಿಯಲ್ಲಿ ಜಾಲಿಗಿಡದ ಕೆಳಗೆ ಬಿದ್ದಿದ್ದೆ.

ಅಲ್ಲಿಂದ ಎತ್ತಿಕೊಂಡು ಹೋದವರು ಬೆಳಗಾವಿಯ ಮೆಕ್ಯಾನಿಕ್ ಇಮಾಮಸಾಬ ಗೋಲಂದಾಜ. ಮಿಲಿಟರಿ ಗಾಡಿಗಳನ್ನು ಮತ್ತೆ ಓಡುವಂತೆ ಮಾಡುವುದು ಅವರ ಹುಚ್ಚು. "ಮನ್ಯಾಗಿನ ಕಪಾಟಿಗೆ ಬಾಗಲಾ ಇಲ್ಲ, ಲಾರಿಗೆ ಮಾತ್ರ ಹೊಸಾ ಬಾಗಲಾ" ಎನ್ನುತ್ತಿದ್ದರು ಹೆಂಡತಿ ಖೈರುನಬಿ. ನನ್ನ ಚಾಸಿ, ಮೈಭಾರ ಹೊರುವ ಅಡಿಯ ಉಕ್ಕಿನ ಚೌಕಟ್ಟು, ತುಕ್ಕು ತಿಂದು ಮುರಿದಿತ್ತು. ಇಮಾಮಸಾಬರು ಕ್ಯಾಬಿನ್ನೂ ಎಂಜಿನ್ನೂ ಇಲ್ಲದ ಇನ್ನೊಂದು ಮಿಲಿಟರಿ ಲಾರಿ ತಂದು, ಅದರ ಚಾಸಿಯ ಮೇಲೆ ನನ್ನ ಕ್ಯಾಬಿನ್ನನ್ನೂ ರಿಪೇರಿಯಾದ ಎಂಜಿನ್ನನ್ನೂ ಕೂಡಿಸಿದರು. ಸಾಮಾನು ಹೇರುವ ಹಿಂದಿನ ತೊಟ್ಟಿ ಅದರದೇ ಉಳಿಯಿತು.

ಎಂಜಿನ್ ಹತ್ತಿದಾಗ ದನಿ ನನ್ನದೇ. ನಡುಕ ಮಾತ್ರ ಬೇರೆ ಯಾರದೋ. ತೊಟ್ಟಿಯ ಸಂದುಗಳಿಂದ ಮರಳು ಉದುರಿತು. ನಾನು ಮರುಭೂಮಿ ಕಂಡವನೇ ಅಲ್ಲ. ಹಳೇ ಬಣ್ಣ ಕೆರೆದಾಗ ಮುಂದೆ ಒಂದು ನಂಬರು, ಹಿಂದಿನ ಬಾಗಿಲ ಮೇಲೆ ಇನ್ನೊಂದು. ಯಾವುದನ್ನು ಅಳಿಸಬೇಕೆಂದು ತಿಳಿಯದೆ ಇಮಾಮಸಾಬರು ಎರಡನ್ನೂ ಉಳಿಸಿ, ಹೊಸ ಬಣ್ಣದಲ್ಲಿ ತಿದ್ದಿ ಬರೆದರು.

ಮಾಜಿ ಸೈನಿಕರ ಕೂಟಕ್ಕೆಂದು ನನ್ನನ್ನು ಮೈದಾನಕ್ಕೆ ಒಯ್ದರು. ಬಿಳಿ ಮೀಸೆಯ ಮುದುಕರೊಬ್ಬರು ಮುಂದಿನ ನಂಬರು ಓದಿ, ಕ್ಯಾಬಿನ್ ಹತ್ತಿ ಸ್ಟೀರಿಂಗ್ ಹಿಡಿದರು. ಆ ಅಂಗೈ ನನಗೆ ಗೊತ್ತು. ಹೂಗಾರರು.

"ನನ್ನ ಗಾಡಿ ಇದು" ಎಂದರು.

ಅಷ್ಟರಲ್ಲಿ ಹಿಂದಿನಿಂದ ಹೆಂಗಸಿನ ದನಿ. "ಇದು ನಮ್ಮನಿಯವರ ಗಾಡಿ ಅಲ್ಲೇನ್ರಿ?"

ಆಕೆ ಗಂಗವ್ವ. ಗಂಡ ಶಿವಪುತ್ರಪ್ಪ ಮರುಭೂಮಿಯಲ್ಲಿ ಲಾರಿ ಓಡಿಸುತ್ತಿದ್ದವರು, ಅಲ್ಲೇ ತೀರಿಕೊಂಡವರು. ಲಾರಿಯ ಹಿಂಬಾಗಿಲಿಗೆ ಒರಗಿ ನಿಂತ ಅವರ ಫೋಟೋ ಆಕೆಯ ಕೈಯಲ್ಲಿತ್ತು. ಅದರಲ್ಲಿ ಕಾಣುವ ನಂಬರು ನನ್ನ ಹಿಂದಿನ ನಂಬರೇ.

ಹೂಗಾರರು ಕೆಳಗಿಳಿದು ಬಂದು ನೋಡಿ ಕಕ್ಕಾಬಿಕ್ಕಿಯಾದರು. ಇಬ್ಬರೂ ಇಮಾಮಸಾಬರ ಮುಖ ನೋಡಿದರು. ಯಾರಿಗೆ ಹೌದು ಎನ್ನುವುದು, ಯಾರಿಗೆ ಅಲ್ಲ ಎನ್ನುವುದು? ಅವರು ತಡವರಿಸುತ್ತ ಇದ್ದದ್ದನ್ನೇ ಹೇಳಿದರು. "ಎರಡ ಗಾಡಿ ಕೂಡಿಸೇನ್ರಿ ಅವ್ವಾ. ಮುಂದಿಂದು ಇವರದು. ಹಿಂದಿಂದು ನಿಮ್ಮವರದು."

ಗಂಗವ್ವ ಹಿಂಬಾಗಿಲ ಮೇಲೆ, ಫೋಟೋದಲ್ಲಿ ಗಂಡನ ಮೊಣಕೈ ಇದ್ದ ಜಾಗದಲ್ಲಿ ಕೈಯಿಟ್ಟರು. "ಹತ್ತಬಹುದೇನ್ರಿ?"

"ಬರ್ರಿ ಅಕ್ಕಾರ, ಮುಂದ ಕೂಡ್ರಿ. ಒಂದ ಸುತ್ತ ಹಾಕಸತೀನಿ" ಎಂದರು ಹೂಗಾರರು.

"ಬ್ಯಾಡ್ರಿ. ನಾ ಇಲ್ಲೇ ಕೂಡತೀನಿ."

ಇಮಾಮಸಾಬರು ಕೈಹಿಡಿದು ತೊಟ್ಟಿಗೆ ಹತ್ತಿಸಿದರು. ಹೂಗಾರರು ಮೆಲ್ಲಗೆ ಮೈದಾನ ಸುತ್ತಿಸಿದರು. ಸುತ್ತು ಮುಗಿದು ನಿಲ್ಲಿಸಿದರೆ, ಹಿಂದಿನಿಂದ ಕ್ಯಾಬಿನ್ ಬಡಿದ ಸದ್ದು.

"ಇಳಿಸಬ್ಯಾಡ್ರಿ, ಅಣ್ಣಾರ. ಇನ್ನೊಂದ ಸುತ್ತ ಹೋಗೂಣ."

ಹೋದೆವು.

ಈಗ ಇಮಾಮಸಾಬರ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದೇನೆ. ನಾನು ಯಾರೆಂಬುದು ಇನ್ನೂ ಬಗೆಹರಿದಿಲ್ಲ. ಆ ದಿನ ಗೇರು ಹಾಕಿದ ಕೈ ಯಾರದೆಂದು ನನಗೆ ತಿಳಿಯಿತು. ಹಿಂದೆ ಕೂತ ಆ ತಾಯಿಯ ಭಾರ ನನ್ನೊಳಗೆ ಯಾರಿಗೆ ತಿಳಿಯಿತೋ, ಹೇಳಲಾರೆ. ಯಾರಿಗೋ ತಿಳಿಯಿತು.