ಬೀಸುಕಲ್ಲಿನ ಪಕ್ಕದ ಹಾರ್ಡ್ ಡಿಸ್ಕ್

ನಾನೊಂದು ಹಾರ್ಡ್ ಡಿಸ್ಕ್. ಇಟ್ಟಿಗೆಗಿಂತ ಚಿಕ್ಕವನು, ಆದರೂ ಹೊಟ್ಟೆಯಲ್ಲಿ ಒಂದು ಊರನ್ನೇ ಇಟ್ಟುಕೊಳ್ಳಬಲ್ಲೆ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಅಲ್ಲಿ ಒಂದು ಕಣ ಧೂಳಿಲ್ಲ. ಒಮ್ಮೆ ಯಾರೋ ಸೀನಿದ್ದಕ್ಕೆ ಮೂರು ದಿನ ಕಾರ್ಖಾನೆ ಮುಚ್ಚಿದ್ದರು. ನಂಬಿದರೆ ನಂಬಿ. ನನ್ನೊಳಗಿನ ತಟ್ಟೆಗಳು ನಿಮಿಷಕ್ಕೆ ಏಳು ಸಾವಿರದ ಇನ್ನೂರು ಸುತ್ತು ತಿರುಗುತ್ತವೆ. ಅಷ್ಟನ್ನೂ ನೆಟ್ಟಗೆ ನಡೆದಿದ್ದರೆ ಚಂದ್ರನಿಗೆ ಹೋಗಿ, ಚಹಾ ಕುಡಿದು, ವಾಪಸ್ ಬಂದಿರುತ್ತಿದ್ದೆ. ಆದರೆ ಸುತ್ತು ಹಾಕುವವನು ಎಲ್ಲಿಗೂ ಹೋಗುವುದಿಲ್ಲ. ದಣಿವೊಂದೇ ಅವನ ಬಳಿ ಬರುತ್ತದೆ.

ಮೊದಲ ಕೆಲಸ ಹುಬ್ಬಳ್ಳಿಯ ಸೀರೆ ಅಂಗಡಿಯೊಂದರ ಕ್ಯಾಮೆರಾ ಪೆಟ್ಟಿಗೆಯಲ್ಲಿ. ಜನ ಸೀರೆ ಹರವಿಸಿ, ಮುಟ್ಟಿ ನೋಡಿ, ‘ಮತ್ತ ಬರ್ತೀವಿ’ ಎಂದು ಎದ್ದು ಹೋಗುವುದನ್ನು ನಾಲ್ಕು ವರ್ಷ ಬರೆದುಕೊಂಡೆ. ಒಬ್ಬಾಕೆ ನೂರಾ ಎಂಟು ಸೀರೆ ನೋಡಿ ಒಂದು ಕರ್ಚೀಫು ಕೊಂಡಳು. ಅಂಗಡಿ ಮುಚ್ಚಿತು. ಹಳೆ ಸಾಮಾನಿನ ಮಳಿಗೆಯಲ್ಲಿ ಮುರಿದ ಕೀಬೋರ್ಡುಗಳ ಕೆಳಗೆ ಬಿದ್ದಿದ್ದ ನನ್ನನ್ನು ಎತ್ತಿಕೊಂಡವರು ಗದಗಿನ ಮಡಿವಾಳಪ್ಪ.

ಅವರು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಮಳಿಗೆಯವನಿಂದ ಕರೆಂಟು ಕೊಡಿಸಿ, ನನ್ನನ್ನು ಕಿವಿಗೆ ಹಿಡಿದರು.

“ಉಸಿರು ಚಲೋ ಐತಿ. ಇನ್ನೂ ದುಡೀತಾನ ಮುದುಕ,” ಎಂದರು.

ಅವರ ಮಗಳು ಶಿವಲೀಲಾ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮನೆಗೆಲ್ಲ ಸೇರಿ ಒಂದು ಸರ್ವರ್ ಪೆಟ್ಟಿಗೆ ಕಟ್ಟುತ್ತಿದ್ದಳು. ಅದು ಬಹುರೂಪಿ ಪೆಟ್ಟಿಗೆ. ಯಂತ್ರ ಒಂದೇ, ಒಳಗೆ ಮೂರು ಕಂಪ್ಯೂಟರುಗಳ ವೇಷ. ಒಂದು ಬಾಗಿಲ ಕ್ಯಾಮೆರಾ ನೋಡಿಕೊಳ್ಳುತ್ತದೆ, ಒಂದು ಟಿವಿಗೆ ಸಿನಿಮಾ ಕೊಡುತ್ತದೆ, ಇನ್ನೊಂದು ಮನೆಯವರ ಫೈಲು ಕಾಯುತ್ತದೆ. ಮೂರು ಒಲೆಗೆ ಒಂದೇ ಕಣಜ. ಆ ಕಣಜ ನಾನು ಮತ್ತು ನನ್ನ ಜೋಡಿ ಡಿಸ್ಕು.

“ಅಪ್ಪಾ, ಎರಡೂ ಡಿಸ್ಕಿನಾಗ ಒಂದ ನಮೂನಿ ಬರೀತೈತಿ. ಒಂದು ಸತ್ರೂ ಇನ್ನೊಂದು ಇರ್ತೈತಿ.”

“ಅಂದ್ರ ನಿಮ್ಮವ್ವನ ಹಾಡು ಭದ್ರ?”

“ಭದ್ರ.”

“ಮತ್ತ ಇದನ್ನ ಯಾರ್ಯಾರು ತಗೀಬಹುದು?”

“ಎಲ್ಲಾರೂ. ಮನ್ಯಾಗ ಯಾರಿಗೆ ಕೀಲಿ ಹಾಕೂದು?”

ಅವ್ವ ಎಂದರೆ ನೀಲವ್ವ, ಮಡಿವಾಳಪ್ಪನವರ ಹೆಂಡತಿ. ಬೀಸುವ ಪದ ಹಾಡುವುದರಲ್ಲಿ ಅವರ ಹೆಸರು ದೊಡ್ಡದು. ಅವರು ಹಾಡಿದರೆ ಜೋಳ ತಾನಾಗಿ ಕಲ್ಲಿಗೆ ಬಂದು ಬೀಳುತ್ತಿತ್ತಂತೆ. ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಈಗ ಬೆರಳಿನಲ್ಲಿ, ಹುಬ್ಬಿನಲ್ಲಿ ಮಾತಾಡುತ್ತಾರೆ. ಹಳೆ ಕ್ಯಾಸೆಟ್ಟುಗಳಲ್ಲಿದ್ದ ನಲವತ್ತೆರಡು ಪದಗಳನ್ನು ಮಡಿವಾಳಪ್ಪ ತಿಂಗಳುಗಟ್ಟಲೆ ಕೂತು ನಮ್ಮೊಳಗೆ ಇಳಿಸಿದರು. ಬೂಷ್ಟು ಹಿಡಿದ ರೀಲನ್ನು ಜೋಳದ ಹೊಲದವರು ಹಕ್ಕಿ ಬೆದರಿಸಲು ಒಯ್ದರು.

ಸಾವಿರ ಸಿನಿಮಾ ಹೊತ್ತಿದ್ದೇನೆ, ಯಾವುದೂ ನನಗೆ ತಾಕಿಲ್ಲ. ನೀಲವ್ವನ ಒಂದು ಪದ ತಾಕಿತು: ‘ಸುತ್ತ ಸುತ್ತೋ ಕಲ್ಲೇ, ನಿನ್ನ ಸುಸ್ತ ಯಾರಿಗ್ಹೇಳ್ತಿ?’ ನನ್ನನ್ನೇ ಕೇಳಿದಂತಿತ್ತು.

ಮಹಾನವಮಿಯ ಮುನ್ನಾದಿನ ಮನೆ ಸ್ವಚ್ಛ ಮಾಡಿದರು. ಜಂತಿ, ಕಪಾಟು ಎಲ್ಲ ಆದ ಮೇಲೆ ಮಡಿವಾಳಪ್ಪ ನಮ್ಮ ಕಡೆ ಬಂದರು. ‘ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು’ ಎಂದು ನಲವತ್ತೆರಡು ಫೈಲು ಕಂಡವು. ಹಾಡು ಇಳಿಸುವಾಗ ಯಂತ್ರ ಇಟ್ಟಿದ್ದ ಹೆಸರುಗಳವು. ಅವರಿಗೆ ನೆನಪಾಗಲಿಲ್ಲ. ಕಸ ಎಂದುಕೊಂಡು ಅಳಿಸಿದರು. ನಾವಿಬ್ಬರೂ ಅಳಿಸಿದೆವು. ಜೋಡಿ ಎಂದರೆ ಅದೇ. ಬರೆಯುವುದೂ ಕೂಡಿ, ಅಳಿಸುವುದೂ ಕೂಡಿ.

ಆದರೆ ಅಳಿಸು ಎಂದಾಗ ನಾವು ಒರೆಸುವುದು ಹೆಸರನ್ನು ಮಾತ್ರ. ಆ ಜಾಗಕ್ಕೆ ಬೇರೆ ಏನಾದರೂ ಬಂದು ಕೂರುವ ತನಕ ಹಾಡು ಒಳಗೇ ಇರುತ್ತದೆ.

ಮರುದಿನ ಆಯುಧ ಪೂಜೆ. ಮಡಿವಾಳಪ್ಪ ಸಾಲ್ಡರಿಂಗ್ ಕಡ್ಡಿ, ಮೀಟರು, ಇಕ್ಕಳ ಎಲ್ಲ ಜೋಡಿಸಿಟ್ಟರು.

“ಪೆಟ್ಟಿಗಿನೂ ಬಂದ್ ಮಾಡು. ಇವತ್ತ ಯಂತ್ರಕ್ಕೂ ಸೂಟಿ.”

“ಬ್ಯಾಡಪಾ, ಬಾಗಿಲ ಕ್ಯಾಮೆರಾ ನಿಲ್ತೈತಿ.”

“ಹಂಗಾರ ಒಂದ ಡಿಸ್ಕು ಕೊಡು. ಒಬ್ಬ ಪೂಜಿಗೆ ಕೂಡ್ಲಿ, ಒಬ್ಬ ದುಡೀಲಿ.”

ಶಿವಲೀಲಾ ನಗುತ್ತ ಪೆಟ್ಟಿಗೆ ಆರಿಸಿ, ನನ್ನನ್ನು ಹೊರಗೆಳೆದು, ಮತ್ತೆ ಚಾಲೂ ಮಾಡಿದಳು. ನೀಲವ್ವ ನನಗೆ ಕುಂಕುಮ ಹಚ್ಚಿ ಚೆಂಡು ಹೂ ಇಟ್ಟರು. ಎರಡು ದಿನ ನಾನು ತಿರುಗಲಿಲ್ಲ. ಈ ಮನೆಗೆ ಬಂದ ಮೇಲೆ ಮೊದಲ ನಿದ್ದೆ.

ಬನ್ನಿ ಕೊಡಲು ನೀಲವ್ವನ ತಂಗಿ ಗುರವ್ವ ಬಂದಳು.

“ಮಾಮಾ, ಅಕ್ಕನ ಹಾಡು ಹಚ್ರಿ. ಆಕಿ ದನಿ ಇದ್ದಾಗ ಕಿವ್ಯಾಗ ಹತ್ತಿ ಇಟ್ಕೊಂಡಿದ್ರಿ, ಈಗರ ಕೇಳ್ರಿ!”

ಟಿವಿಯಲ್ಲಿ ಹುಡುಕಿದರು. ಹಾಡಿಲ್ಲ. ಮಡಿವಾಳಪ್ಪನವರಿಗೆ ಆ ನಲವತ್ತೆರಡು ಟ್ರ್ಯಾಕು ನೆನಪಾದವು. “ನಾನ... ನಾನ ಅಳಿಸಿಬಿಟ್ಟೆ ಅವನ್ನ.”

ನೀಲವ್ವ ಎರಡು ಬೆರಳಿನಿಂದ ಗಂಟಲು ಮುಟ್ಟಿಕೊಂಡರು. ಆಮೇಲೆ ಬರಿಗೈ ಬಿಚ್ಚಿ ತೋರಿಸಿದರು.

ಮಡಿವಾಳಪ್ಪ ಪೂಜೆಯಿಂದ ನನ್ನನ್ನು ಎಳೆದುಕೊಂಡರು. “ಇದರಾಗ ಇರ್ತಾವ! ಪೆಟ್ಟಿಗ್ಯಾಗ ತುರುಕು!”

“ನಿಲ್ಲಪಾ!” ಶಿವಲೀಲಾ ಅವರ ಕೈ ಹಿಡಿದಳು. “ಒಳಗ ಹಾಕಿದ್ರ ಆ ಡಿಸ್ಕು ಇದನ್ನ ತನ್ನಂಗ ಮಾಡ್ಕೊಂತೈತಿ. ಉಳಿದಿದ್ದೂ ಹೋಗ್ತೈತಿ.”

ಮೊದಲು ನನ್ನ ಜೋಡಿಯನ್ನು ಬಗೆದು ನೋಡಿದಳು. ಎರಡು ದಿನದಲ್ಲಿ ಕ್ಯಾಮೆರಾ ಆ ಜಾಗವನ್ನೆಲ್ಲ ತುಂಬಿತ್ತು. ನೀಲವ್ವನ ಹಾಡಿದ್ದಲ್ಲಿ ಈಗ ಗೇಟಿನ ಮುಂದೆ ಮಲಗಿದ ನಾಯಿ.

ನನ್ನನ್ನು ಬೇರೆ ಕಂಪ್ಯೂಟರಿಗೆ ಒಂಟಿಯಾಗಿ ಜೋಡಿಸಿದಳು. ನಿದ್ದೆಯಿಂದೆದ್ದ ಮುದುಕ ನಾನು. ಒಳಗೆಲ್ಲೋ ಕಟ್ ಕಟ್ ಅಂದಿತು. ತಿರುಗಿದೆ. ಒಂದೊಂದೇ ಪದ ಹೊರಬಂತು. ನಲವತ್ತೊಂದು ಆದವು. ನಲವತ್ತೆರಡನೆಯದು ಅರ್ಧಕ್ಕೆ ಬಂದಾಗ ನನ್ನ ಓದುವ ಸೂಜಿ ನಿಂತಿತು. ಮತ್ತೆ ಏಳಲಿಲ್ಲ.

ಸಂಜೆ ಆ ಅರ್ಧ ಪದ ಹಚ್ಚಿದರು. ‘ನಿನ್ನ ಸುಸ್ತ...’ ಎಂಬಲ್ಲಿ ದನಿ ಕಡಿಯಿತು. ನೀಲವ್ವನ ತುಟಿ ಮಾತ್ರ ಆಡುತ್ತಲೇ ಇತ್ತು. ಶಿವಲೀಲಾ ಅವ್ವನ ತುಟಿ ನೋಡುತ್ತ ಮುಂದಿನದನ್ನು ಹಾಡಿದಳು. ದನಿ ಒಡಕು, ತಾಳ ತಪ್ಪು. ನೀಲವ್ವ ನೆಲ ಬಡಿದು ತಿದ್ದಿದರು. ಮಗಳು ಪದವನ್ನು ತುದಿ ಮುಟ್ಟಿಸಿದಳು.

ಈಗ ಹಾಡುಗಳಿಗೆ ಹೆಸರಿದೆ, ಗುರವ್ವನ ಮನೆಯಲ್ಲೂ ಒಂದು ಪ್ರತಿ ಇದೆ. ನಾನು ಅಡಿಗೆ ಮನೆ ಮೂಲೆಯಲ್ಲಿ ಬೀಸುಕಲ್ಲಿನ ಪಕ್ಕ ಇದ್ದೇನೆ, ಕುಂಕುಮ ಹಾಗೇ ಇದೆ. ಇಬ್ಬರೂ ಸುತ್ತಿ ಸುತ್ತಿ ಸವೆದವರು, ಎಲ್ಲಿಗೂ ಹೋಗಲಿಲ್ಲ. ಕೋಟಿಗಟ್ಟಲೆ ಸುತ್ತು ಹಾಕಿದವನೆಂದು ಕಲ್ಲಿನ ಮುಂದೆ ಕೊಚ್ಚಿಕೊಳ್ಳುತ್ತೇನೆ. ಆದರೆ ನನ್ನಿಂದ ಯಾರಿಗಾದರೂ ಉಪಕಾರವಾಗಿದ್ದರೆ, ಅದು ಆ ಎರಡು ದಿನ ಹೂ ಮುಡಿದು ಸುಮ್ಮನೆ ಕೂತದ್ದರಿಂದ.