ಕೊನೆಯ ಗೂಟ

ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಗೂಟಗಳು. ಮಿಷನ್ನಿನ ಪಕ್ಕದ್ದು ಅರ್ಜೆಂಟಿನವರಿಗೆ, ನಡುವಿನವು ಉಳಿದ ಗಿರಾಕಿಗಳಿಗೆ, ಬಾಗಿಲ ಹಿಂದಿನ ಕೊನೆಯದು ಮನೆಯವರಿಗೆ. ಆ ಗೂಟಕ್ಕೆ ಹೋದ ಬಟ್ಟೆ ಮತ್ತೆ ಬೆಳಕು ಕಂಡದ್ದನ್ನು ನಾನಂತೂ ನೋಡಿಲ್ಲ.

ಅಮ್ಮ ಅಲ್ಲಿಗೆ ಹೂವಿನ ಬಟ್ಟೆ ಕೊಟ್ಟದ್ದು ಎದೆಯ ಗಡ್ಡೆಯ ಆಪರೇಷನ್ ಆದಮೇಲೆ. ಬಲಗೈ ಮೇಲಕ್ಕೆ ಬರುತ್ತಿರಲಿಲ್ಲ. ದಿನವೂ ನಾನೇ ಬಟ್ಟೆ ಹಾಕಬೇಕಿತ್ತು. ಅವಳು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು.

“ಮುಂದೆ ತೆರೆಯೋ ಹಾಗೆ ಒಂದು ಗೌನು ಹೊಲಿದುಕೊಡೇ. ಒಂದೇ ಕೈಲಿ ಹಾಕ್ಕೊಳ್ಳೋ ಹಾಗಿರಲಿ. ಮಗಳ ಮುಂದೆ ಹೀಗೆ ನಿಲ್ಲೋಕೆ ನಾಚಿಕೆಯಾಗುತ್ತೆ,” ಎಂದು ತಂಗಿಗೆ ಹೇಳಿದಳು. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. “ಅವಸರವೇನಿಲ್ಲ,” ಎಂದೂ ಸೇರಿಸಿದಳು. ಅವಳ ಜಾಯಮಾನವೇ ಅದು.

ನಮ್ಮ ಆಫೀಸಿನ ಸಾಹೇಬರು ಮಾತೆತ್ತಿದರೆ ‘ಪ್ರಯಾರಿಟೈಸ್ ಮಾಡಿ’ ಎನ್ನುತ್ತಾರೆ. ಅದನ್ನು ಹೇಳಿದಾಗ ಚಿಕ್ಕಮ್ಮ ದಾರ ಕಚ್ಚುತ್ತಾ ಕೇಳಿದಳು, “ಹಾಗಂದ್ರೆ?”

“ಮುಖ್ಯವಾದದ್ದನ್ನ ಮೊದಲು ಮಾಡೋದು.”

“ಅಯ್ಯೋ, ನಾನು ದಿನಾ ಮಾಡೋದು ಅದೇ. ಯಾರು ಜೋರಾಗಿ ಬಯ್ತಾರೋ ಅವರದ್ದು ಮೊದಲು.”

“ಹಾಗಾದ್ರೆ ಬಾಯಿಸತ್ತೋರ ಗತಿ ಏನು? ಅಮ್ಮಂದು ಯಾವಾಗ?”

“ಅಕ್ಕ ಬಯ್ಯಲ್ಲ ಬಿಡು. ಈ ಮದುವೆ ಬಟ್ಟೆ ಒಂದು ಮುಗೀಲಿ.”

ಮದುವೆ ಬಟ್ಟೆ ಮುಗಿದರೆ ಶಾಲೆಯ ಸಮವಸ್ತ್ರ ಬಂತು. ಅಮ್ಮ ಅಪ್ಪನ ಹಳೇ ಶರ್ಟು ತೊಡತೊಡಗಿದಳು. ಸಣ್ಣ ಗುಂಡಿಗಳು ಎಡಗೈಗೆ ಬಗ್ಗದೆ ಕೊನೆಗೆ ನನ್ನನ್ನೇ ಕೂಗುತ್ತಿದ್ದಳು. ಚಿಕ್ಕಮ್ಮ ನೋಡಿ, “ಭಾವನಿಗಿಂತ ನಿನಗೇ ಒಪ್ಪುತ್ತೆ,” ಎಂದು ನಕ್ಕಳು. ಅಮ್ಮನೂ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮ ತೀರಿಕೊಂಡ ಬೆಳಿಗ್ಗೆ ಚಿಕ್ಕಮ್ಮ ಬಂದಳು. ಅಕ್ಕನ ಮೈಮೇಲಿದ್ದ ಆ ಶರ್ಟನ್ನು ನೋಡಿ, ಅಳದೆ, ಬಂದ ಹಾಗೇ ಅಂಗಡಿಗೆ ಓಡಿದಳು. ಅರ್ಜೆಂಟಿನವರನ್ನೆಲ್ಲ ವಾಪಸ್ ಕಳಿಸಿ ಬಾಗಿಲು ಹಾಕಿಕೊಂಡಳಂತೆ. ಮಧ್ಯಾಹ್ನದ ಹೊತ್ತಿಗೆ ಹೂವಿನ ಗೌನು ತಂದಳು. ಮುಂದೆ ಉದ್ದಕ್ಕೂ ದೊಡ್ಡ ಟಿಚ್ ಬಟನ್‌ಗಳು, ಒತ್ತಿದರೆ ಸಾಕು.

ಅಮ್ಮನಿಗೆ ಅದನ್ನು ತೊಡಿಸಿ, ಬಟನ್ ಹಾಕಲು ನಾನು ಕೈ ಚಾಚಿದೆ. “ನೀನು ಬಿಡು,” ಎಂದು ಚಿಕ್ಕಮ್ಮ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎಡಗೈಯಲ್ಲೇ, ಕೆಳಗಿನಿಂದ ಕತ್ತಿನವರೆಗೆ, ಒಂದೊಂದನ್ನೇ ಒತ್ತುತ್ತಾ ಹೋದಳು. ಬೈಯಬೇಕೆಂದು ಕಾದಿದ್ದ ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.

ಕೊನೆಯ ಬಟನ್ ಹಾಕಿ ಅವಳು ಅಮ್ಮನ ಕಿವಿಯ ಹತ್ತಿರ ಬಗ್ಗಿದಳು.

“ನೋಡಕ್ಕಾ, ಒಂದೇ ಕೈಲಿ ಆಗುತ್ತೆ.”