ಮೂವತ್ತೊಂದು ಮುಚ್ಚಳಗಳ ರಾಗ

ಜಯಲತಾಳ ಮನೆಯಿಂದ ಹೌಸಿಂಗ್ ಸೊಸೈಟಿಯ ಗೇಟಿಗೆ ನಾನೂರ ಹನ್ನೆರಡು ಹೆಜ್ಜೆ. ದಾರಿಯುದ್ದಕ್ಕೂ ಗಟಾರ, ಗಟಾರದ ಮೇಲೆ ಮೂವತ್ತೊಂದು ಕಬ್ಬಿಣದ ಮುಚ್ಚಳ. ಮುಂಬೈ ಹತ್ತಿರದ ಡೊಂಬಿವಲಿಯ ಆ ಒಂಬತ್ತು ಕಟ್ಟಡಗಳಲ್ಲಿ ಈ ಲೆಕ್ಕ ಗೊತ್ತಿದ್ದದ್ದು ಅವಳೊಬ್ಬಳಿಗೇ. ಹುಟ್ಟಿನಿಂದ ಕಣ್ಣು ಕಾಣದ ಅವಳು ಹದಿನಾಲ್ಕು ವರ್ಷಗಳಿಂದ ಬಿಳಿ ಕೋಲು ಹಿಡಿದು, ಎಂಟು ಹನ್ನೆರಡರ ಲೋಕಲ್ ರೈಲು ಹತ್ತಿ, ಥಾಣೆ ನಗರದ ಆಫೀಸೊಂದಕ್ಕೆ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ಮುಚ್ಚಳಗಳಿಗೆ ಕಾಲು ಬಂತು. ನೀರು ಹೋಗಲೆಂದು ಯಾರೋ ಎತ್ತಿಟ್ಟರು, ಇನ್ಯಾರೋ ಮನೆಗೆ ಹೊತ್ತೊಯ್ದರು. ಒಂದು ಮುಚ್ಚಳ ವಾಷಿಂಗ್ ಮಷೀನಿನ ಕೆಳಗೆ ಸೇರಿತು, ಇನ್ನೊಂದರ ಮೇಲೆ ಕೇರಂ ಬೋರ್ಡ್ ಕೂತಿತು. ಕಣ್ಣಿದ್ದವರು ಗುಂಡಿ ದಾಟಿಕೊಂಡು ಹೋದರು. ಜಯಲತಾ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು.

"ಸಾಕು ಮಾರಾಯ್ತಿ," ಎಂದ ಅಣ್ಣ ವಸಂತಕುಮಾರ. "ದೀಪಾವಳಿ ಒಳಗೆ ಇದು ಸರಿ ಆಗದಿದ್ರೆ ನೀನು ರಾಜೀನಾಮೆ ಕೊಡು. ಮನೆಯಲ್ಲಿ ಎಂತ ಕಡಿಮೆ ಉಂಟು ನಿನಗೆ?"

ಕಡಿಮೆಯಾಗುವುದು ಆ ನಾನೂರ ಹನ್ನೆರಡು ಹೆಜ್ಜೆ. ಯಾರ ಕೈಯನ್ನೂ ಹಿಡಿಯದೆ ನಡೆಯುವ ಸುಖ ಏನೆಂದು ಕೈ ಹಿಡಿಸಿಕೊಂಡೇ ಬೆಳೆದವರಿಗೆ ಮಾತ್ರ ಗೊತ್ತು. ಅದನ್ನು ಅಣ್ಣನಿಗೆ ಹೇಳಲು ಅವಳಿಗೆ ನಾಚಿಕೆಯಾಯಿತು.

ದೂರು ಕೊಡಲು ಸೊಸೈಟಿಯ ಸೆಕ್ರೆಟರಿ ಸೋಮಣ್ಣನ ಬಳಿ ಹೋದಳು. ಗದಗದ ಕಡೆಯವನು, ರೈಲ್ವೆಯಲ್ಲಿ ಇಡೀ ಆಯುಸ್ಸು ಫಾರಂ ತುಂಬಿಸಿ ನಿವೃತ್ತನಾದವನು.

"ನೋಡು ತಂಗಿ, ಫಾರಂನ್ಯಾಗ ಏಳನೇ ಕಾಲಮ್ ಐತಿ. 'ಕಣ್ಣಾರೆ ಕಂಡವರ ಹೆಸರು.' ನಿನ್ನ ಹೆಸರು ಹೆಂಗ ಬರೀಲಿ? ಸುಳ್ಳು ದಾಖಲೆ ಆಕ್ಕೈತಿ."

"ಬಿದ್ದದ್ದು ನಾನೇ ಅಲ್ವಾ?"

"ಬಿದ್ದವರಿಗೆ ಕಾಲಮ್ ಇಲ್ಲ," ಎಂದ ಸೋಮಣ್ಣ, ನಿಜವಾಗಿಯೂ ನೊಂದುಕೊಂಡು.

ಆಗ ವಸಂತಕುಮಾರನ ಮಗಳು ಸೋನಾಲಿ ಮುಂದೆ ಬಂದಳು. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ರಜಾದಿನಗಳಲ್ಲಿ ಗೆಳೆಯರ ಜೊತೆ ಸೇರಿ, ಗ್ರಾಫ್ ನೋಡಲಾಗದವರಿಗೆ ಗ್ರಾಫನ್ನು ಕೇಳಿಸುವ ಪುಟ್ಟ ಪ್ರೋಗ್ರಾಂ ಮಾಡಿದ್ದಳು. ದಿನಕ್ಕೊಂದು ಅಂಕಿ ಹಾಕಿದರೆ ಸಾಕು. ಅಂಕಿ ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ.

"ಅತ್ತೆ, ಟೆನ್ಶನ್ ನಕೋ. ಎರಡೇ ಎಂಬಿ. ಇನ್‌ಸ್ಟಾಲ್ ಮಾಡೋ ಝಂಝಟ್ ಹೀ ನಹೀ. ಪೆನ್ ಡ್ರೈವ್ ಹಾಕು ಬಸ್, ಯಾವ ಡಬ್ಬಾ ಕಂಪ್ಯೂಟರ್‌ನಲ್ಲೂ ಓಡ್ತದೆ."

ಜಯಲತಾ ದಿನವೂ ಬೆಳಿಗ್ಗೆ ಕೋಲಿನಿಂದ ತಟ್ಟಿ ತೆರೆದ ಗುಂಡಿಗಳನ್ನು ಎಣಿಸಿದಳು, ಸಂಜೆ ಒಂದೇ ಕೈಯಲ್ಲಿ ಅಂಕಿ ಒತ್ತಿದಳು. ನಲವತ್ತೈದು ದಿನಗಳಾದ ಮೇಲೆ, ಗಣೇಶ ಚೌತಿಯ ಮುಂಚಿನ ಸಭೆಗೆ ಪೆನ್ ಡ್ರೈವ್ ಒಯ್ದು ಸ್ಪೀಕರಿನಲ್ಲಿ ಹಾಕಿಸಿದಳು.

ಸ್ವರ ಮೆಲ್ಲಗೆ ಏರಿತು, ಬಾಗಿತು, ಮತ್ತೆ ಏರಿ ಮುಗಿಲು ಮುಟ್ಟಿತು. "ಈ ಮೇಲಿನ ಸ್ವರ ಉಂಟಲ್ಲ, ಅದು ಆಗಸ್ಟ್ ಹದಿನಾಲ್ಕು," ಎಂದಳು ಜಯಲತಾ. "ಅವತ್ತು ಹತ್ತೊಂಬತ್ತು ಗುಂಡಿ ಬಾಯಿ ತೆರೆದಿತ್ತು."

ಸೋಮಣ್ಣ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ವನ್ಸ್ ಮೋರ್!"

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾದೀತೆಂದು ಅವಳು ಹೆದರಿದ್ದಳು. ಇಲ್ಲಿ ಕೋಣಗಳೇ ಹಾಡತೊಡಗಿದವು. ಭಜನಾ ಮಂಡಳಿಯ ಮುರಾರಿ ಆ ಸ್ವರಕ್ಕೆ ಗಣಪತಿಯ ಪದ ಹೊಸೆದ. ವಾಚ್‌ಮನ್ ಅದನ್ನೇ ಶಿಳ್ಳೆ ಹಾಕಿದ, ಹೆಂಗಸರು ಅದನ್ನೇ ರಿಂಗ್‌ಟೋನ್ ಮಾಡಿಕೊಂಡರು, ವಿಸರ್ಜನೆಯ ಬ್ಯಾಂಡಿನವರು ಅದನ್ನೇ ಬಾರಿಸಿದರು. ಜಯಲತಾಳಿಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಸನ್ಮಾನ ಮಾಡಿದರು. ವೇದಿಕೆಗೆ ಹೋಗುವ ದಾರಿಯಲ್ಲಿ ಮೂರು ಗುಂಡಿಗಳಿದ್ದವು.

"ಮುಚ್ಚಳ ಯಾವಾಗ ಹಾಕ್ತೀರಿ, ಸೋಮಣ್ಣನವರೇ?"

"ಮುಚ್ಚಿಬಿಟ್ರ ಮುಂದಿನ ರಾಗ ಎಲ್ಲಿಂದ ತರೂದು, ತಂಗಿ?"

ತಮಾಷೆಯಲ್ಲ. ಐದು ಮಂದಿಯ 'ಮುಚ್ಚಳ ರಾಗ ಉಪಸಮಿತಿ' ನೇಮಕವಾಯಿತು. ದಿನವೂ ಬೆಳಿಗ್ಗೆ ಆರಕ್ಕೆ ಅವರು ಗಟಾರದ ಬಳಿ ಸೇರಿ, ಇಂದು ಎಷ್ಟು ತೆರೆದರೆ ಇಂಪಾದೀತೆಂದು ಚರ್ಚಿಸುತ್ತಿದ್ದರು. ಯಾಕೋ ಸಪ್ಪೆಯಾಯಿತೆಂದು ಮುರಾರಿ ಮುಖ ಕಿವುಚಿದರೆ ಇನ್ನು ನಾಲ್ಕು ತೆರೆಯುತ್ತಿದ್ದರು. ಮೂರನೇ ಮಹಡಿಯ ಡಾಕ್ಟರು ತಾವಾಗಿಯೇ ಒಂದು ಗುಂಡಿ ಮುಚ್ಚಿದ್ದಕ್ಕೆ ಅಪಸ್ವರದ ನೋಟಿಸು ಹೋಯಿತು.

ಜಯಲತಾಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ದೀಪಾವಳಿಗೆ ಐದೇ ವಾರ ಉಳಿದಿತ್ತು, ಅಣ್ಣ ರಾಜೀನಾಮೆ ಪತ್ರವನ್ನು ಟೈಪ್ ಮಾಡಿಸಿಯೂ ತಂದಿಟ್ಟಿದ್ದ. ಇಡೀ ಭಾನುವಾರ ಅವಳು ಪೆನ್ ಡ್ರೈವನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಳು. ಕುಣಿಯಲು ಇಷ್ಟೊಂದು ಜನ ಸಿದ್ಧರಿರುವಾಗ ತಾಳ ಹಾಕುವವಳು ತಾನೇ ಏಕಾಗಬಾರದು? ಎದ್ದು ಸೋಮಣ್ಣನ ಮನೆಗೆ ಹೋದಳು.

"ನೀವು ಬೆಳಗಾತ ಕಷ್ಟಪಡುವುದು ಬೇಡ. ಮುಂದಿನ ರಾಗ ನಾನೇ ಕಟ್ಟಿ ಕೊಡ್ತೇನೆ. ಅದರ ಅಂಕಿ ಪ್ರಕಾರ ನೀವು ಮುಚ್ಚಳ ತೆಗೆದ್ರೆ ಆಯ್ತು."

ಸೋಮಣ್ಣ ಹಿಗ್ಗಿ ಹೀರೇಕಾಯಿಯಾದ. ಮರುದಿನ ಉಪಸಮಿತಿ ರಾಗ ಕೇಳಲು ಕೂತಿತು. ಒಂದು ತಗ್ಗು ಸ್ವರ. ಮತ್ತೆ ಅದೇ ಸ್ವರ. ಮೂವತ್ತು ಸಲ ಅದೇ.

"ಇದು... ಒಂದೇ ಸ್ವರ ಅಲ್ವಾ?" ಎಂದು ಮುರಾರಿ ತಲೆ ಕೆರೆದುಕೊಂಡ.

"ಶ್ರುತಿ," ಎಂದಳು ಜಯಲತಾ. "ಮೂವತ್ತು ದಿನ, ಮೂವತ್ತು ಸೊನ್ನೆ. ಒಂದೇ ಒಂದು ಮುಚ್ಚಳ ತಪ್ಪಿದ್ರೂ ಶ್ರುತಿ ಕೆಟ್ಟಿತು. ಸಂಗೀತ ತಿಳಿದವರಿಗೆ ಮಾತ್ರ ಆಗುವಂಥದ್ದು. ನಿಮ್ಮಿಂದ ಆಗದಿದ್ರೆ ಬಿಡಿ."

ತನಗೆ ಸಂಗೀತ ತಿಳಿಯದೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಯಾವ ಉಪಸಮಿತಿಗೂ ಇರುವುದಿಲ್ಲ. ವಾಷಿಂಗ್ ಮಷೀನನ್ನು ಎತ್ತಿಸಿದರು, ಕೇರಂ ಆಡುವವರನ್ನು ಎಬ್ಬಿಸಿದರು, ಸಿಗದ ಮುಚ್ಚಳಗಳನ್ನು ಹೊಸದಾಗಿ ಮಾಡಿಸಿದರು. ಯಾರಾದರೂ ಎತ್ತಿ ಶ್ರುತಿ ಕೆಡಿಸಿಯಾರೆಂದು ಮೂವತ್ತೊಂದಕ್ಕೂ ಅಂಚಿಗೆ ಸಿಮೆಂಟು ಮೆತ್ತಿಸಿದರು.

ದೀಪಾವಳಿಯ ಮುಂಚಿನ ಸಭೆಯಲ್ಲಿ ರಾಗ ನುಡಿಯಿತು. ಅರ್ಧ ಸಭೆ ನಿದ್ದೆಹೋಯಿತು.

"ಭಾಳ ಗಂಭೀರ ಐತಿ ತಂಗಿ," ಎಂದ ಸೋಮಣ್ಣ ಆಕಳಿಸುತ್ತಾ. "ಆದ್ರ ಮುಂದಿನದರಾಗ ಒಂದೆರಡು ಗುಂಡಿಯರೆ ಇರ್ಲಿ."

"ಇರಲಿ. ಸಿಮೆಂಟ್ ಒಡೆಸ್ಲಿಕ್ಕೆ ನಿಮ್ಮ ಫಾರಂನಲ್ಲಿ ಕಾಲಮ್ ಉಂಟಾ?"

ಸೋಮಣ್ಣ ಫಾರಂ ತರಿಸಿ ಮೇಲಿಂದ ಕೆಳಗೆ ಎರಡು ಸಲ ಓದಿದ. ಇರಲಿಲ್ಲ.

ಹಬ್ಬ ಕಳೆದ ಮೊದಲ ಕೆಲಸದ ದಿನ ಜಯಲತಾ ಕೋಲು ಹಿಡಿದು ಹೊರಟಳು. ಕೋಲು ತಟ್ಟಿದಲ್ಲೆಲ್ಲ ಕಬ್ಬಿಣ ಟಣ್ ಎಂದಿತು. ಹತ್ತು ಹೆಜ್ಜೆ ಹಿಂದೆ ಒಂದು ಜೊತೆ ಚಪ್ಪಲಿ ಸದ್ದಿಲ್ಲದೆ ಬರಲು ಪಾಡುಪಡುತ್ತಿತ್ತು. ಇಪ್ಪತ್ತೆಂಟನೇ ಮುಚ್ಚಳದ ಮೇಲೆ ಅವಳು ನಿಂತಳು.

"ಅಣ್ಣ, ನಿನ್ನ ಎಡಗಾಲಿನ ಚಪ್ಪಲಿ ಹರಿದಿದೆ, ಹೊಲಿಸಿಕೋ. ಮನೆಗೆ ಹೋಗು."

ಚಪ್ಪಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಆಮೇಲೆ ಮನೆಯ ಕಡೆ ತಿರುಗಿತು. ಉಳಿದ ಮೂರು ಮುಚ್ಚಳಗಳನ್ನು ಜಯಲತಾ ಒಬ್ಬಳೇ ದಾಟಿದಳು.